ನಾನು ಹೇಳಿದ ಹೋಟೆಲ್, ಅವರು ಕೇಳಿದ ಹೋಟೆಲ್

ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಾನು ನಮ್ಮ ಮೋಟೆಲಿನ ಅಂಗಳದಲ್ಲಿ ಉದುರಿದ ಪೈನ್ ಎಲೆ ಗುಡಿಸುತ್ತಿದ್ದೆ. ಹೆದ್ದಾರಿಯಿಂದ ಇಳಿದ ಕಾರೊಂದು ನೇರವಾಗಿ ನನ್ನ ಪೊರಕೆಯ ಹತ್ತಿರವೇ ಬಂದು ನಿಂತಿತು. ಇಳಿದವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಮಾರಿಸ್‌ವಿಲ್‌ನಿಂದ ಫ್ಲಾರಿಡಾಕ್ಕೆ ಹೊರಟವರು. ಹುಡುಗ ನನ್ನ ಮುಖ ನೋಡಿದ, ಆಫೀಸಿನ ಕಿಟಕಿಯೊಳಗೆ ಕಾಣುತ್ತಿದ್ದ ಗಣಪತಿಯ ಕ್ಯಾಲೆಂಡರ್ ನೋಡಿದ, ಧೈರ್ಯ ತಂದುಕೊಂಡ.

“ನೀವೇ ಅಲ್ವಾ ಐತಾಳ್ ಅಂಕಲ್? ಇಲ್ಲಿ ಕನ್ನಡದವರ ಹೋಟೆಲ್ ಇದೆ ಅಂತ ಟೆಂಪಲ್‌ನಲ್ಲಿ ಹೇಳಿದ್ರು. ಮಸಾಲೆ ದೋಸೆ ಇನ್ನೂ ಸಿಗತ್ತಾ ಅಂಕಲ್, ಇಲ್ಲ ಟಿಫನ್ ಟೈಮ್ ಮುಗೀತಾ?”

ಪಾಪ, ಮೂರು ಗಂಟೆಯ ದಾರಿಯಲ್ಲಿ ಸಿಕ್ಕ ಬರ್ಗರ್ ಅಂಗಡಿಗಳನ್ನೆಲ್ಲ ದಾಟಿ, ಹಸಿವನ್ನು ದೋಸೆಗೆಂದೇ ಉಳಿಸಿಕೊಂಡು ಬಂದಿದ್ದರು. ನನ್ನಲ್ಲಿ ಇದ್ದದ್ದು ಇಪ್ಪತ್ತೆರಡು ರೂಮು, ನಲವತ್ತು ಹಾಸಿಗೆ, ಒಂದು ಐಸ್ ಯಂತ್ರ. ನನ್ನ ಹೆಂಡತಿ ಗಿರಿಜಾ ಒಳಗೆ ಕರೆದು ಉಪ್ಪಿಟ್ಟು ಮಾಡಿಹಾಕಿ ಕಳಿಸಿದಳು. ನಾನು ಆ ಹುಡುಗನಿಗೆ ಕಾರಿನ ಟಯರು, ಫ್ಲಾರಿಡಾದ ಹೋಟೆಲ್ ದರ, ಮನೆ ಸಾಲದ ಬಡ್ಡಿ ಈ ಮೂರರ ಬಗ್ಗೆ ಉಚಿತ ಸಲಹೆ ಕೊಟ್ಟೆ. ಅವನು ಕೇಳಿರಲಿಲ್ಲ. ಉಪ್ಪಿಟ್ಟು ಬಿಟ್ಟಿ ಸಿಕ್ಕಿದ್ದರಿಂದ ಕೇಳಿಸಿಕೊಂಡ.

ಅವರು ಹೋದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಆ ಹುಡುಗನ ತಪ್ಪು ಅವನಿಗೆ ಒಂದು ಮಸಾಲೆ ದೋಸೆಯಷ್ಟೇ ನಷ್ಟ ಮಾಡಿತು. ಅದೇ ತಪ್ಪನ್ನು ನಾನು ತಿರುಗಿಸಿ ಮಾಡಿ, ಅರಬರ ಮರಳುಗಾಡಿನಲ್ಲಿ ಆರು ತಿಂಗಳು ಯುದ್ಧ ಮಾಡಿ ಬಂದಿದ್ದೇನೆ. ಯುದ್ಧ ಮಾಡಿದೆ ಎನ್ನುವುದು ಸ್ವಲ್ಪ ಹೆಚ್ಚಾಯಿತು. ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೈಸೂರಿನಲ್ಲಿ ಹೋಟೆಲ್ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಬೆ, ಹುಳಿಹಿಟ್ಟಿನ ವಾಸನೆ, ಒದ್ದೆ ಬಟ್ಟೆಯಲ್ಲಿ ಒರೆಸಿದ ಕಲ್ಲಿನ ಮೇಜು, ಒಳಗಿನಿಂದ ಭಟ್ಟರ ಬೈಗುಳ. ಮಲಗಲು ಬೇಕಾದವರು ಲಾಡ್ಜಿಗೆ ಹೋಗುತ್ತಿದ್ದರು. ಹೋಟೆಲಿನಲ್ಲಿ ಯಾರಾದರೂ ಮಲಗಿದರೆ ನೀರು ಚಿಮುಕಿಸಿ ಎಬ್ಬಿಸುತ್ತಿದ್ದೆವು. ನಾನು ಕೋಟದ ಕಡೆಯವನಾದರೂ ಹನ್ನೆರಡನೆಯ ವಯಸ್ಸಿನಿಂದ ಬೆಳೆದದ್ದು ಮೈಸೂರಿನಲ್ಲಿ, ಸೋದರಮಾವನ ಹೋಟೆಲಿನಲ್ಲಿ. ಲೋಟ ತೊಳೆದು, ತಿಂಡಿ ಸರಬರಾಜು ಮಾಡಿ, ಒಲೆಯ ಮುಂದೆ ನಿಂತು, ಕೊನೆಗೆ ಗಲ್ಲಾದ ಮೇಲೆ ಕೂರುವಷ್ಟು ದೊಡ್ಡವನಾದೆ. ಮಾವನ ಮಗಳು ಗಿರಿಜಾಳನ್ನೇ ಮದುವೆಯಾದೆ. ಆಮೇಲೆ ವಾಷಿಂಗ್ಟನ್ನಿನ ಹತ್ತಿರ ಒಬ್ಬ ದೊಡ್ಡ ಅಧಿಕಾರಿಯ ಮನೆಗೆ ಅಡುಗೆಯವನಾಗಿ ಬಂದೆ. ಅಲ್ಲಿಂದ ಒಂದು ಮೋಟೆಲಿನ ಕೌಂಟರು, ಆ ಕೌಂಟರಿನಿಂದ ನನ್ನದೇ ಮೋಟೆಲು. ಇದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಹದಿನೈದು ವರ್ಷ ಹಿಡಿಯಿತು.

ನಮ್ಮ ಮೋಟೆಲ್ ಇರುವುದು ಸೌತ್ ಕೆರೊಲಿನಾದಲ್ಲಿ, ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್ಟಿನಲ್ಲಿ. ಒಂದು ಕಡೆ ಹತ್ತಿ ಹೊಲ, ಇನ್ನೊಂದು ಕಡೆ ಪೈನ್ ಕಾಡು, ನಡುವೆ ಒಂದು ಪೆಟ್ರೋಲ್ ಬಂಕು. ಕೊತ್ತಂಬರಿ ಸೊಪ್ಪು ಬೇಕೆಂದರೆ ಷಾರ್ಲೆಟ್‌ಗೆ ಹೋಗಿಬರಬೇಕು, ಅರ್ಧ ದಿನ ಕಳೆಯುತ್ತದೆ. ವಾಷಿಂಗ್ಟನ್ನಿನಿಂದ ಫ್ಲಾರಿಡಾಕ್ಕೆ ಹೋಗುವ ಮುದುಕರಿಗೆ ಸರಿಯಾಗಿ ಇಲ್ಲಿಗೆ ಬರುವ ಹೊತ್ತಿಗೆ ಸೊಂಟ ಹಿಡಿಯುತ್ತದೆ. ನಮ್ಮ ವ್ಯಾಪಾರ ನಿಂತಿರುವುದು ಆ ಸೊಂಟದ ಮೇಲೆ. ಮೋಟೆಲ್ ಕೊಳ್ಳುವ ಯೋಚನೆ ಇರುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಜೋರು ಮಳೆ ಬಂದ ಮಾರನೆಯ ದಿನ ನೋಡಲು ಹೋಗಿ. ಮಾರುವವನು ಎಷ್ಟು ಮಾತಾಡಿದರೂ ಛಾವಣಿ ಸುಳ್ಳು ಹೇಳುವುದಿಲ್ಲ.

ಇಂಥ ನನ್ನ ಹತ್ತಿರ ಚೌಕಾಸಿ ಮಾಡಿ ಗೆದ್ದವನು ಒಬ್ಬನೇ ಒಬ್ಬ, ಸಾರ್ಜೆಂಟ್ ಕೂಪರ್. ಸೈನ್ಯಕ್ಕೆ ಜನ ಸೇರಿಸುವುದು ಅವನ ಕೆಲಸ. ತಿಂಗಳಿಗೊಮ್ಮೆ ಸುತ್ತಮುತ್ತಲ ಹೈಸ್ಕೂಲುಗಳಿಗೆ ಬಂದಾಗ ನಮ್ಮ ಏಳನೇ ನಂಬರಿನಲ್ಲಿ ಉಳಿಯುತ್ತಿದ್ದ. ನಾನು ಅವನಿಗೆ ರೂಮಿನ ಬಾಡಿಗೆಯಲ್ಲಿ ಒಂದು ಡಾಲರ್ ಸಹ ಬಿಟ್ಟವನಲ್ಲ. ಅವನು ನಗುನಗುತ್ತಲೇ ಕೊಡುತ್ತಿದ್ದ. ಈಗ ಅನ್ನಿಸುತ್ತದೆ, ಅಷ್ಟು ಸುಲಭವಾಗಿ ಕೊಡುವವನನ್ನು ಕಂಡಾಗಲೇ ನಾನು ಎಚ್ಚರವಾಗಬೇಕಿತ್ತು.

ಒಂದು ದಿನ ನನ್ನನ್ನೂ ಸೇರು ಎಂದ. ಮೀಸಲು ಪಡೆಯಂತೆ. ತಿಂಗಳಿಗೊಂದು ಶನಿವಾರ ಭಾನುವಾರ, ಬೇಸಿಗೆಯಲ್ಲಿ ಎರಡು ವಾರ. ಆ ದಿನಗಳಿಗೆ ಸಂಬಳ. ಬೂಟು ಬಟ್ಟೆ ಅವರದೇ. ನನಗಾಗ ಮೂವತ್ತಮೂರು, ಇನ್ನೊಂದೆರಡು ವರ್ಷವಾದರೆ ವಯಸ್ಸು ಮೀರುತ್ತದೆ ಎಂದೂ ಹೇಳಿದ. ಈಗಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಸಿಗುವುದಿಲ್ಲ ಎನ್ನುವ ಈ ತಂತ್ರವನ್ನು ನಾನೇ ಎಷ್ಟು ಗಿರಾಕಿಗಳ ಮೇಲೆ ಪ್ರಯೋಗಿಸಿದ್ದೇನೋ. ನನ್ನ ಮೇಲೆ ಬಿದ್ದಾಗ ಗುರುತೇ ಸಿಗಲಿಲ್ಲ. ಅವನು ಸುಳ್ಳು ಹೇಳಲಿಲ್ಲ. ಯುದ್ಧ ಬಂದರೆ ಕರೆಯುತ್ತಾರೆ ಎಂದು ಸ್ಪಷ್ಟವಾಗಿಯೇ ಹೇಳಿದ. ನಾನು ಆ ಹೊತ್ತಿಗೆ ಮನಸ್ಸಿನಲ್ಲಿ ತಿಂಗಳ ಎರಡು ದಿನವನ್ನು ಹನ್ನೆರಡರಿಂದ ಗುಣಿಸುತ್ತಿದ್ದೆ.

ಇನ್ನೊಂದು ಆಸೆಯೂ ಇತ್ತು, ಮುಚ್ಚಿಡುವುದೇಕೆ. ಆ ಊರಿನ ಹಾರ್ಡ್‌ವೇರ್ ಅಂಗಡಿಯವನು ಆರು ವರ್ಷದಿಂದ ನನಗೆ ನಲ್ಲಿ ಮಾರುತ್ತಿದ್ದರೂ, ಪ್ರತಿ ಸಲ ಯಾವ ದೇಶ ಎಂದು ಹೊಸದಾಗಿ ಕೇಳುತ್ತಿದ್ದ. ಸಮವಸ್ತ್ರದಲ್ಲಿ ಮೊದಲ ಸಲ ಅವನ ಅಂಗಡಿಗೆ ಹೋದ ದಿನ ‘ಸರ್’ ಎಂದ. ನಲ್ಲಿಗೆ ನೂರಕ್ಕೆ ಹತ್ತು ಬಿಟ್ಟ. ಲೆಕ್ಕ ಸರಿಹೋಯಿತು ಎಂದುಕೊಂಡೆ.

ಸೇರುವ ದಿನ ಫಾರಂ ತುಂಬಿಸಿದವನೂ ಕೂಪರನೇ. ಹೆಸರು ಕೇಳಿದ. ಐತಾಳ ಎಂದೆ. ಅವನು ಪೆನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಐದಡಿ ಮೂರಂಗುಲ. “ಐ ಟಾಲ್?” ಎಂದು ಕೇಳಿದ. ಸೈನ್ಯದಲ್ಲಿ ಇದ್ದಷ್ಟು ದಿನವೂ ಆ ನಗೆ ನನ್ನ ಬೆನ್ನು ಬಿಡಲಿಲ್ಲ. ಆಮೇಲೆ ಹಿಂದೆ ಮಾಡಿದ ಕೆಲಸ ಯಾವುದು ಎಂದ. ಹೋಟೆಲ್, ಹತ್ತು ವರ್ಷ, ಎಂದೆ.

ಹಾಗೆ ಹೇಳುವಾಗ ನನ್ನ ತಲೆಯಲ್ಲಿ ದೊಡ್ಡ ಉಪಾಯವೇ ಇತ್ತು. ಹೋಟೆಲಿನವನು ಎಂದರೆ ಅಡುಗೆಮನೆಗೆ ಹಾಕುತ್ತಾರೆ. ಯಾವ ಸೈನ್ಯದಲ್ಲೂ ಅಡುಗೆಯವನನ್ನು ಮುಂದಕ್ಕೆ ಕಳಿಸುವುದಿಲ್ಲ. ಗುಂಡು ಹಾರುವ ಜಾಗ ಒಂದು ಕಡೆ, ಪಾತ್ರೆ ಇರುವ ಜಾಗ ಇನ್ನೊಂದು ಕಡೆ. ಜೊತೆಗೆ ಸಸ್ಯಾಹಾರಿಯಾದ ನನಗೆ ನನ್ನ ಅನ್ನವನ್ನು ನಾನೇ ಬೇಯಿಸಿಕೊಳ್ಳುವ ಅನುಕೂಲ. ಕೂಪರ್ ಕಿಟಕಿಯಾಚೆ ನಮ್ಮ ಇಪ್ಪತ್ತೆರಡು ರೂಮುಗಳನ್ನೂ ತಂತಿಯ ಮೇಲೆ ಒಣಗುತ್ತಿದ್ದ ಹೊದಿಕೆಗಳನ್ನೂ ನೋಡಿ, ತಲೆಯಾಡಿಸಿ, ಅಚ್ಚುಕಟ್ಟಾಗಿ ಏನೋ ಬರೆದುಕೊಂಡ. ತಿಂಗಳುಗಳ ಮೇಲೆ ತರಬೇತಿಯ ಕಾಗದ ಬಂದಾಗ ನೋಡುತ್ತೇನೆ, ನನ್ನ ಕಸುಬು: ಬಟ್ಟೆ ಒಗೆಯುವುದು ಮತ್ತು ಸ್ನಾನದ ವ್ಯವಸ್ಥೆ.

ಸೈನ್ಯದಲ್ಲಿ ಇಂಥದ್ದೊಂದು ಕಸುಬು ಇದೆಯೆಂದು ನನಗೆ ಗೊತ್ತಿರಲಿಲ್ಲ. ಗಿರಿಜಾ ಕಾಗದವನ್ನು ಎರಡು ಸಲ ಓದಿದಳು.

“ಮನೇಲಿ ಒಂದು ದಿನ ಬನೀನು ಹಿಂಡಿದೋರಲ್ಲ. ದೇಶದ್ದೆಲ್ಲ ಹಿಂಡ್ತೀರಾ?” ಎಂದಳು.

ಹೀಗೆ ಎರಡು ಮೂರು ವರ್ಷ ತಿಂಗಳಿಗೆರಡು ದಿನ ಹಿಂಡಿದೆ. ಸಮವಸ್ತ್ರ, ಸರ್, ನಲ್ಲಿಯ ಮೇಲೆ ರಿಯಾಯಿತಿ, ಎಲ್ಲವೂ ಸರಿಯಾಗಿಯೇ ನಡೆಯಿತು. ತೊಂಬತ್ತನೇ ಇಸವಿಯ ಬೇಸಿಗೆಯ ಕೊನೆಯಲ್ಲಿ ಕುವೈತಿನ ಮೇಲೆ ದಾಳಿಯಾದ ಸುದ್ದಿ ಬಂತು. ನಾನು ಟೀವಿಯ ಮುಂದೆ ಕೂರುವುದು, ಏಳುವುದು, ಹೊರಗೆ ಹೋಗಿ ಕಾರುಗಳನ್ನು ಎಣಿಸುವುದು, ಮತ್ತೆ ಒಳಗೆ ಬರುವುದು ಮಾಡತೊಡಗಿದೆ. ಫೋನು ಹೊಡೆದರೆ ಮೂರನೇ ಗಂಟೆಯವರೆಗೂ ಎತ್ತುತ್ತಿರಲಿಲ್ಲ. ನವೆಂಬರಿನಲ್ಲಿ ಒಂದು ದಿನ ಮೊದಲ ಗಂಟೆಗೇ ನಮ್ಮ ಮಗಳು ಆಶಾ ಎತ್ತಿಬಿಟ್ಟಳು. ಅವಳಿಗಾಗ ಒಂಬತ್ತು ವರ್ಷ. “ಅಪ್ಪಾ, ಆರ್ಮಿ ಅಂಕಲ್ ಫಾರ್ ಯೂ” ಎಂದು ಕೂಗಿದಳು.

ಐದು ದಿನ ಕೊಟ್ಟರು. ನಾನು ಕ್ಯಾಪ್ಟನ್ನನ ಎದುರು ನಿಂತು ನನ್ನ ಸರಕನ್ನೆಲ್ಲ ಹರವಿದೆ: ಪಾದ ಚಪ್ಪಟೆ, ವಯಸ್ಸು ಮೂವತ್ತಾರು, ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲ, ಮೋಟೆಲು ನೋಡಿಕೊಳ್ಳುವವರಿಲ್ಲ. ಕೊನೆಗೆ ಕ್ರಿಸ್‌ಮಸ್ ಮುಗಿಯುವವರೆಗೆ ಎಂದು ಚೌಕಾಸಿಗೂ ಇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ನಿನ್ನ ಮೋಟೆಲಿನಲ್ಲಿ ರೂಮು ಖಾಲಿ ಮಾಡುವ ಹೊತ್ತು ಯಾವುದು ಎಂದು ಕೇಳಿದ. ಹನ್ನೊಂದು ಗಂಟೆ ಎಂದೆ. ಹನ್ನೊಂದೂ ಕಾಲಿಗೆ ಬಂದು ಕಥೆ ಹೇಳಿದರೆ ಕೇಳುತ್ತೀಯಾ ಎಂದ. ಇಲ್ಲ ಎಂದೆ. ಅಲ್ಲಿಗೆ ಮುಗಿಯಿತು. ನಿಮಗೆ ಸಲಹೆ: ಯಾರ ಹತ್ತಿರವಾದರೂ ವಾದಕ್ಕೆ ಹೋಗುವ ಮುಂಚೆ ನಿಮ್ಮದೇ ಬೋರ್ಡಿನ ಮೇಲೆ ಏನು ಬರೆದಿದೆ ಎಂದು ಓದಿಕೊಂಡು ಹೋಗಿ.

ಆ ಐದು ದಿನದಲ್ಲಿ ನನಗೆ ಸಾಯುವ ಭಯಕ್ಕಿಂತ ಮೋಟೆಲಿನ ಭಯ ಹೆಚ್ಚಾಗಿತ್ತು. ಹೆದ್ದಾರಿಯ ಪಕ್ಕದ ಕೌಂಟರು ಎಂದರೆ ಸಾಮಾನ್ಯವೇ? ಕುಡಿದು ಬರುವವರು, ಬಾಡಿಗೆ ಕೊಡದೆ ಕಿಟಕಿಯಿಂದ ಹೋಗುವವರು, ಒಬ್ಬರಿಗೆಂದು ಪಡೆದು ಆರು ಜನ ಮಲಗುವವರು. ಗಿರಿಜಾ ಕೌಂಟರಿಗೆ ಬಂದರೆ ಎರಡು ಮಾತು ಹೇಳಿ ನನ್ನನ್ನು ಕೂಗುತ್ತಿದ್ದಳು. ಗಂಡಸರ ಹತ್ತಿರ ಮಾತಾಡಲು ಅವಳಿಗೆ ಅಂಜಿಕೆ ಎಂದು ನಾನು ಹತ್ತು ವರ್ಷದಿಂದ ತಿಳಿದಿದ್ದೆ. ನಾನು ಕೌಂಟರಿನಲ್ಲಿ ಇರುವಾಗ ಬೇರೆಯವರು ಮಾತಾಡಲು ಜಾಗವೇ ಇರುತ್ತಿರಲಿಲ್ಲ ಎಂಬುದು ಹೊಳೆದಿರಲಿಲ್ಲ.

ಮುಂದಿನ ಎಕ್ಸಿಟ್ಟಿನ ಮೋಟೆಲು ಮನುಭಾಯ್ ಎಂಬ ಗುಜರಾತಿ ಗೆಳೆಯರದು. ನಾನು ವಾಪಸು ಬರುವವರೆಗೆ ನಮ್ಮದನ್ನೂ ಅವರೇ ನಡೆಸಲಿ, ತಾಯಿ ಮಗಳು ಷಾರ್ಲೆಟ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಇರಲಿ ಎಂದು ನಾನು ಸೂಚಿಸಿದೆ. ಗಿರಿಜಾ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ನಾನಿಲ್ಲೇ ಇರ್ತೀನಿ. ನಾನೇ ನಡೆಸ್ತೀನಿ. ನೀವು ಸುಮ್ನೆ ಹೋಗಿ, ಸುಮ್ನೆ ಬನ್ನಿ.”

ಒಪ್ಪಿದೆ ಎಂದು ತಲೆ ಅಲ್ಲಾಡಿಸಿದೆ. ಆಮೇಲೆ ಪೆಟ್ರೋಲ್ ಹಾಕಿಸುವ ನೆಪದಲ್ಲಿ ಮನುಭಾಯ್ ಹತ್ತಿರ ಹೋಗಿ, ಅವರ ಮೇಜಿನ ಮೇಲೆಯೇ ಒಂದು ಕಾಗದ ಬರೆದು ಸಹಿ ಮಾಡಿದೆ. ನನ್ನ ಹೆಂಡತಿಯ ಕೈಯಲ್ಲಿ ಆಗುತ್ತಿಲ್ಲ ಎಂದು ನಿಮಗೆ ಅನ್ನಿಸಿದ ದಿನ ಬಂದು ಬೀಗದ ಕೈ ತೆಗೆದುಕೊಳ್ಳಿ, ಅವಳನ್ನು ಕೇಳಬೇಕಾಗಿಲ್ಲ. ಇಷ್ಟೇ ಒಕ್ಕಣೆ. ಮನುಭಾಯ್ ಓದಿ ಕನ್ನಡಕ ತೆಗೆದರು. ಬೆಹನ್‌ಗೆ ಇದು ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ವ್ಯಾಪಾರದಲ್ಲಿ ನಾನು ಹೇಳಿದ ಸುಳ್ಳುಗಳೆಲ್ಲ ಸೇರಿ ಆ ಒಂದು ಸುಳ್ಳಿನಷ್ಟು ತೂಗುವುದಿಲ್ಲ.

ಮರಳುಗಾಡಿನ ವರ್ಣನೆಯನ್ನು ನನ್ನಿಂದ ನಿರೀಕ್ಷಿಸಬೇಡಿ. ನಾನು ಕಂಡದ್ದು ನೀರಿನ ಟ್ಯಾಂಕು, ಗಾಡಿಯ ಮೇಲೆ ಕೂರಿಸಿದ ಒಗೆಯುವ ಯಂತ್ರಗಳು, ಸ್ನಾನದ ಡೇರೆ, ಮತ್ತು ಮರಳು. ಒಗೆದ ಬಟ್ಟೆಯಲ್ಲೂ ಮರಳು. ವಾರಗಟ್ಟಲೆ ಮೈಗೆ ನೀರು ಕಾಣದ ಹುಡುಗರು ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬನಿಗೆ ಇಂತಿಷ್ಟೇ ನಿಮಿಷ. ಮೊದಲ ದಿನ ಒಳಗಿದ್ದವರು ಹೊರಗೆ ಬರಲಿಲ್ಲ, ಹೊರಗಿದ್ದವರು ಬೂಟು ಎಸೆಯತೊಡಗಿದರು. ಆಗ ನನಗೆ ಮಾವನ ಹೋಟೆಲಿನ ಮಧ್ಯಾಹ್ನದ ಊಟ ನೆನಪಾಯಿತು. ತಿನ್ನುತ್ತಿರುವವನ ಕುರ್ಚಿ ಹಿಡಿದುಕೊಂಡು ಮುಂದಿನವನು ನಿಂತಿರುತ್ತಾನಲ್ಲ, ಅನ್ನ ಬಡಿಸಿಕೊಂಡವನು ಮಜ್ಜಿಗೆಗೆ ಬಂದನೇ ಎಂದು ಎಲೆಯನ್ನೇ ನೋಡುತ್ತ? ಆ ನೋಟದ ಕೆಳಗೆ ಯಾವ ಮನುಷ್ಯನೂ ನಿಧಾನವಾಗಿ ತಿನ್ನಲಾರ. ನಾನು ಪ್ರತಿ ನಲ್ಲಿಯ ಎದುರಿಗೂ ಮುಂದಿನವನನ್ನು ಟವೆಲ್ ಸುತ್ತಿ ನಿಲ್ಲಿಸಿದೆ. ಸಾಲು ಅರ್ಧ ಹೊತ್ತಿನಲ್ಲಿ ಕರಗಿತು. ಮೇಲಿನವರು ಬಂದು ಯಾವ ತರಬೇತಿಯಲ್ಲಿ ಕಲಿತೆ ಎಂದು ಕೇಳಿದರು. ಹೋಟೆಲಿನಲ್ಲಿ ಎಂದೆ. ನಿಮ್ಮ ದೇಶದ ಹೋಟೆಲುಗಳಲ್ಲಿ ಹೀಗೆ ಸ್ನಾನ ಮಾಡಿಸುತ್ತಾರೆಯೇ ಎಂದು ಅವರು ಗಾಬರಿಯಾದರು.

ಬಟ್ಟೆಯ ಕೆಲಸದಲ್ಲಿ ಬೇರೆಯದೇ ಒಂದು ಕಸಿವಿಸಿ. ಜೇಬುಗಳು. ಕಾಗದ, ಫೋಟೋ, ಮಗುವೊಂದು ಕ್ರೆಯಾನಿನಲ್ಲಿ ಬರೆದ ನಾಯಿಯ ಚಿತ್ರ. ಮೊದಲ ವಾರ ನೋಡದೆ ಹಾಕಿ ಒಂದು ಫೋಟೋ ಹಾಳುಮಾಡಿದೆ. ಅದರಲ್ಲಿ ಇದ್ದವರ ಮುಖ ಅಳಿಸಿ ಅಂಗಿಯ ಬಣ್ಣವಷ್ಟೇ ಉಳಿದಿತ್ತು. ಅಂದಿನಿಂದ ಪ್ರತಿ ಜೇಬನ್ನೂ ಹೊರಗೆ ತಿರುಗಿಸುತ್ತಿದ್ದೆ. ಈಗಲೂ ಯಾರದಾದರೂ ಮನೆಗೆ ಹೋದರೆ, ಒಗೆಯಲು ಹಾಕಿದ ಪ್ಯಾಂಟು ಕಂಡರೆ ನನ್ನ ಕೈ ಅದರ ಜೇಬಿಗೆ ಹೋಗುತ್ತದೆ. ನೋಡುವವರಿಗೆ ಕಳ್ಳತನದಂತೆ ಕಾಣುತ್ತದೆ, ಏನು ಮಾಡಲಿ. ಫೆಬ್ರವರಿಯಲ್ಲಿ ಒಂದು ಗಂಟನ್ನು ಯಾರೂ ತೆಗೆದುಕೊಳ್ಳಲು ಬರಲಿಲ್ಲ. ಆ ಹುಡುಗನ ತುಕಡಿ ಮುಂದಕ್ಕೆ ಹೋಗಿತ್ತು. ಬೇರೆ ಕಡೆ ಹೊಸ ಬಟ್ಟೆ ಸಿಕ್ಕಿರಬಹುದು. ನಾನು ದಿನಾ ಬೆಳಿಗ್ಗೆ ಅದರ ಮೇಲಿನ ಮರಳು ಕೊಡವಿ, ಬಿಡಿಸಿ, ಮತ್ತೆ ಮಡಿಸಿ ಇಡುತ್ತಿದ್ದೆ. ನಾವು ಡೇರೆ ಕೀಳುವ ದಿನವೂ ಅದು ಅಲ್ಲೇ ಇತ್ತು.

ಸೈರನ್ ಕೂಗಿದರೆ ವಿಷಾನಿಲ ತಡೆಯುವ ಮುಖವಾಡ ಹಾಕಿಕೊಂಡು ಕೂರಬೇಕು. ರಬ್ಬರಿನ ವಾಸನೆ, ಕಣ್ಣೆದುರಿನ ಗಾಜಿನ ಮೇಲೆ ನನ್ನದೇ ಉಸಿರಿನ ಮಂಜು. ಉಳಿದವರು ದೇವರನ್ನೋ ತಾಯಿಯನ್ನೋ ನೆನೆಯುತ್ತಿದ್ದಿರಬೇಕು. ನನಗೆ ಬರುತ್ತಿದ್ದದ್ದು ಹದಿನಾಲ್ಕನೇ ರೂಮಿನ ಹೀಟರು, ಹಿಮ ಬಿದ್ದರೆ ಒಡೆಯುವ ಪೈಪು, ಮತ್ತು ಮನುಭಾಯ್ ಮೇಜಿನ ಡ್ರಾಯರು. ಆ ಕಾಗದ ಹೊರಗೆ ಬಂದಿದೆಯೋ? ಬಂದಿದ್ದರೆ ಮೋಟೆಲು ಬದುಕಿತು, ಗಿರಿಜಾಗೆ ಗೊತ್ತಾಯಿತು. ಬರದಿದ್ದರೆ ಅವಳಿಗೆ ಗೊತ್ತಿಲ್ಲ, ಆದರೆ ಮೋಟೆಲಿನ ಗತಿ? ಎರಡರಲ್ಲಿ ಯಾವುದು ಬೇಕು ಎಂದು ನನ್ನನ್ನೇ ಕೇಳಿಕೊಳ್ಳುತ್ತ ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಪಕ್ಕದವನು ನಡುಗುತ್ತಿದ್ದೇನೆಂದು ತಿಳಿದು ನನ್ನ ಮಂಡಿಯ ಮೇಲೆ ಕೈ ಇಡುತ್ತಿದ್ದ.

ಫೋನಿನ ಡೇರೆಯಲ್ಲಿ ಸಾಲು ನಿಂತರೆ ತಲೆಗೆ ಹತ್ತು ನಿಮಿಷ. ನಾನು ಪಟ್ಟಿ ಬರೆದುಕೊಂಡು ಹೋಗುತ್ತಿದ್ದೆ. ಸಾಮಾನಿಲ್ಲದೆ ಬರುವವರಿಗೆ ಕೆಳಗಿನ ರೂಮು ಕೊಡಬೇಡ. ಒಂದೇ ದರ ಹೇಳಬೇಡ, ಮುಖ ನೋಡಿ ಹೇಳು. ಐಸ್ ಯಂತ್ರದ ಸದ್ದು ಬದಲಾದರೆ ಪ್ಲಗ್ ಕಿತ್ತುಬಿಡು. ಪ್ರತಿಯೊಂದಕ್ಕೂ ಗಿರಿಜಾ ಆಯ್ತು ಎನ್ನುತ್ತಿದ್ದಳು. ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ನನ್ನ ಸಲಹೆ, ಒಂದು ನಿಮಿಷ ಆಶಾ. ಹೇಗಿದ್ದೀಯ ಎಂದು ನಾನು ಗಿರಿಜಾಳನ್ನು ಒಮ್ಮೆಯೂ ಕೇಳಲಿಲ್ಲ. ಮನೆ ಬಿಟ್ಟು ದೂರ ಇರುವ ತರುಣರೇ, ಫೋನು ಮಾಡುವಾಗ ಪಟ್ಟಿ ಹಿಡಿದುಕೊಂಡು ಕೂರಬೇಡಿ.

ಯುದ್ಧ ಮುಗಿಯುವ ಸೂಚನೆ ಕಾಣುತ್ತಿದ್ದ ದಿನಗಳಲ್ಲಿ ಒಮ್ಮೆ, ನಾನು ಪಟ್ಟಿಯ ಮೊದಲ ಸಾಲು ಓದುವ ಮುಂಚೆಯೇ ಅವಳು ಮಾತಾಡಿದಳು.

“ಮನುಭಾಯ್ ಬಂದಿದ್ರು.”

“ಏನಂತೆ?”

“ನಿಮ್ಮ ಲೆಟರ್ ತಂದಿದ್ರು.”

ನನ್ನ ಹಿಂದೆ ನಿಂತವನು ಗಡಿಯಾರ ನೋಡುತ್ತಿದ್ದ.

“ಇನ್ನೂ ಒಂಬತ್ತು ನಿಮಿಷ ಇದೆ. ಏನಾದ್ರೂ ಹೇಳಿ.”

ನಾನು ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿದೆ. ಹಾಗಾಗಿ ಅವಳೇ ಹೇಳಿದಳು. ಮಂಜಿನ ಮಳೆ ಬಿದ್ದು ಮರಗಳೆಲ್ಲ ಗಾಜಿನಂತಾಗಿ ತಂತಿಗಳ ಮೇಲೆ ಬಿದ್ದವಂತೆ. ಕರೆಂಟಿಲ್ಲ, ಹೆದ್ದಾರಿ ಮುಚ್ಚಿತು. ನಡುದಾರಿಯಲ್ಲಿ ಸಿಕ್ಕವರೆಲ್ಲ ಎಕ್ಸಿಟ್ ಇಳಿದು ನಮ್ಮ ಅಂಗಳಕ್ಕೆ ಬಂದರು. ಇಪ್ಪತ್ತೆರಡು ರೂಮಿಗೆ ಎಪ್ಪತ್ತು ಜನ. ಗಿರಿಜಾ ಮುಖ ನೋಡಿ ದರ ಹೇಳಲಿಲ್ಲ, ಎಲ್ಲರಿಗೂ ಒಂದೇ ದರ ಎಂದು ಕಾಗದದಲ್ಲಿ ಬರೆದು ಅಂಟಿಸಿದಳು. ಸಾಮಾನಿಲ್ಲದೆ ಬಂದವರಿಗೆ ಕೆಳಗಿನ ರೂಮನ್ನೇ ಕೊಟ್ಟಳು, ಏಕೆಂದರೆ ಅವರೆಲ್ಲ ಕೈಯಲ್ಲಿ ಮಕ್ಕಳನ್ನು ಎತ್ತಿಕೊಂಡಿದ್ದರು. ನಮ್ಮದು ಗ್ಯಾಸ್ ಒಲೆ. ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು. ರೂಮು ಗುಡಿಸುವ ಲೊರೆಟ್ಟಾ ಎಂಬಾಕೆ ಕಾಗದದ ತಟ್ಟೆಯಲ್ಲಿ ಬಡಿಸಿದಳಂತೆ, ಆಶಾ ಸೌಟು ಹಿಡಿದು ‘ಮೋರ್ ಸಾರು?’ ಎಂದು ಸಾಲಿನುದ್ದಕ್ಕೂ ಓಡಾಡಿದಳಂತೆ. ಎರಡು ದಿನ ಹೀಗೆ. ಮೂರನೆಯ ದಿನ ದಾರಿ ತೆರೆದ ಕೂಡಲೇ ಮನುಭಾಯ್ ಕಾಗದ ಜೇಬಿನಲ್ಲಿಟ್ಟುಕೊಂಡು ಓಡಿಬಂದರು, ಇನ್ನು ಈ ಹೆಂಗಸಿನ ಕೈಯಲ್ಲಿ ಆಗುವುದಿಲ್ಲ ಎಂದುಕೊಂಡು.

“ಬಂದೋರು ಸುಮ್ನೆ ನೋಡಿದ್ರು. ಊಟಕ್ಕೆ ಕೂತ್ಕೊಳ್ಳಿ ಅಂದೆ. ಸಾರು ಎರಡು ಸಲ ಹಾಕಿಸ್ಕೊಂಡ್ರು. ಕೈ ತೊಳ್ಕೊಂಡು ಬಂದು, ‘ಇದು ನಿಮಗೆ ಗೊತ್ತು ಅಂತ ಅವನು ಹೇಳಿದ್ದ, ನಿಮ್ಮ ಮುಖ ನೋಡಿದ್ರೆ ಗೊತ್ತಿಲ್ಲ ಅನ್ಸತ್ತೆ, ನನಗಿದು ಬೇಡ ಬೆಹನ್’ ಅಂತ ನನ್ನ ಕೈಗೆ ಕೊಟ್ರು.”

“ಗಿರಿಜಾ...”

“ಯಾರ್ರೀ ನಿಮಗೆ ಬಿಲ್ಲು ತಂತಿಗೆ ಚುಚ್ಚೋದು ಹೇಳ್ಕೊಟ್ಟಿದ್ದು? ಅಪ್ಪನ ಹೋಟೆಲ್‌ಗೆ ನೀವು ಬಂದ ಮೊದಲ್ನೇ ದಿನ? ಆಗ ನನಗೆ ಎಂಟು ವರ್ಷ. ನಾನು ಗಲ್ಲಾದ ಮೇಲೇ ಬೆಳೆದೋಳು. ನಿಮಗೆ ಮರ್ತೋಗಿದೆ.”

ಮರೆತೇ ಹೋಗಿತ್ತು. ಸ್ಟೂಲಿನ ಮೇಲೆ ಸ್ಟೂಲು ಹಾಕಿಕೊಂಡು ಕೂತ ಎರಡು ಜಡೆಯ ಹುಡುಗಿ, ಊಟ ಮಾಡಿ ಮೆಲ್ಲಗೆ ಜಾರಿಕೊಳ್ಳುವ ಗಟ್ಟಿ ಆಳುಗಳನ್ನು ‘ರೀ, ಬಿಲ್ಲು’ ಎಂದು ನಿಲ್ಲಿಸುತ್ತಿದ್ದದ್ದು. ನನ್ನ ಬದುಕನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೆ, ಎಲ್ಲ ಸಲವೂ ಆ ಹುಡುಗಿಯನ್ನು ಬಿಟ್ಟೇ ಹೇಳಿದ್ದೇನೆ. ಈ ಪ್ರಬಂಧದ ಮೊದಲ ಪುಟವನ್ನೇ ತೆಗೆದು ನೋಡಿ, ಗಲ್ಲಾದ ಮೇಲೆ ಕೂತವನು ನಾನೊಬ್ಬನೇ.

ಆ ಕಾಗದ ಏನು ಮಾಡಿದೆ ಎಂದು ಕೇಳಿದೆ. ಇಟ್ಟಿದ್ದೀನಿ ಎಂದಳು. ಕಾರು ಓಡಿಸುವ ಲೈಸೆನ್ಸ್ ಬಂತು ಎಂದೂ ಹೇಳಿದಳು. ನಿಮಿಷ ಮುಗಿಯಿತು.

ಮೇ ತಿಂಗಳಲ್ಲಿ ವಾಪಸು ಬಂದೆ. ಯುದ್ಧಕ್ಕೆ ಹೋದವರ ದಾರಿ ಕಾಯುವ ಗುರುತಾಗಿ ಊರಿನವರು ಮರಗಳಿಗೆ ಹಳದಿ ರಿಬ್ಬನ್ ಕಟ್ಟಿದ್ದರು. ಹಾರ್ಡ್‌ವೇರ್ ಅಂಗಡಿಯವನು ಯಾವ ದೇಶ ಎಂದು ಕೇಳದೆ ತಬ್ಬಿಕೊಂಡ. ಗಿರಿಜಾ ಕಾರು ಓಡಿಸಿಕೊಂಡು ಬಂದು ನನ್ನನ್ನು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವಳು ಬ್ರೇಕು ಹಾಕುವ ಮುಂಚೆಯೇ ನಾನು ಕಾಲು ಒತ್ತುತ್ತಿದ್ದೆ. ಕಾಗದದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರು ವಾರ ಹಾಗೇ ಕಳೆಯಿತು. ಕೌಂಟರಿನ ಕುರ್ಚಿಯಲ್ಲಿ ಅವಳು ಕೂತಿರುತ್ತಿದ್ದಳು. ಅದಕ್ಕೊಂದು ದಿಂಬು ಹಾಕಿಕೊಂಡಿದ್ದಳು. ನಾನು ಬಂದರೆ ಏಳುತ್ತಿರಲಿಲ್ಲ, ಏಳು ಎಂದು ನಾನು ಹೇಳುತ್ತಿರಲಿಲ್ಲ. ಹೊರಗೆ ಹೋಗುವೆ, ಯಾವುದೋ ಬಾಗಿಲಿನ ತಿರುಪು ಬಿಗಿಮಾಡುವೆ, ಒಳಗೆ ಬರುವೆ, ಕೀಲಿಗಳ ಹಲಗೆ ನೋಡುವೆ. ದಿನಕ್ಕೆ ಇಪ್ಪತ್ತೆರಡು ರೂಮುಗಳನ್ನೂ ನಾಲ್ಕು ಸಲ ಸುತ್ತುತ್ತಿದ್ದೆ. ಸುತ್ತಿ ಸುತ್ತಿ ಕೊನೆಗೆ ಹಿಂದಿನ ಲಾಂಡ್ರಿ ಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ನನ್ನ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಲೊರೆಟ್ಟಾ ನಾನು ಮಡಿಸಿದ ಹೊದಿಕೆಯ ಮೂಲೆಗಳನ್ನು ನೋಡಿ, ಸೈನ್ಯ ನಿನ್ನನ್ನು ಕೊನೆಗೂ ಏನಕ್ಕಾದರೂ ಪ್ರಯೋಜನಕ್ಕೆ ತಂದಿತು ಎಂದಳು.

ಒಂದು ಸಂಜೆ ಟ್ರಕ್ಕಿನವನೊಬ್ಬ ಬಂದ. ನನ್ನ ಎರಡರಷ್ಟು ಎತ್ತರ, ಕೈಯಲ್ಲಿ ಟೋಪಿ. ಗಿರಿಜಾ ದರ ಹೇಳಿದಳು. ಅವನು ಕಡಿಮೆ ಮಾಡಲು ಕೇಳಿದ. ಎಲ್ಲರಿಗೂ ಅಷ್ಟೇ ಎಂದಳು. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಮೂರು ಡಾಲರ್ ಬಿಟ್ಟರೆ ಎರಡು ರಾತ್ರಿ ಉಳಿಯುವ ಗಿರಾಕಿ. ನನ್ನ ನಾಲಗೆ ತುರಿಸಿತು. ಟ್ರಕ್ಕಿನವನೂ ಅದನ್ನು ಗುರುತಿಸಿರಬೇಕು, ವ್ಯಾಪಾರಿಗಳು ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಗಿರಿಜಾಳನ್ನು ಬಿಟ್ಟು ನನ್ನ ಕಡೆ ತಿರುಗಿ, ಯಜಮಾನ ನೀನೇ ತಾನೇ ಎಂದು ಕೇಳಿದ.

ಗಿರಿಜಾ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಪೆನ್ನು ಮಾತ್ರ ನಿಂತಿತ್ತು.

ಅಲ್ಲ ಸ್ವಾಮಿ, ನಾನು ಲಾಂಡ್ರಿಯವನು, ಎಂದೆ. ದರದ ವಿಷಯ ಅವರನ್ನೇ ಕೇಳಬೇಕು.

ಟ್ರಕ್ಕಿನವನು ಕೊನೆಗೆ ಅವಳು ಹೇಳಿದ್ದನ್ನೇ ಕೊಟ್ಟು ಕೀಲಿ ತೆಗೆದುಕೊಂಡು ಹೋದ. ಗಿರಿಜಾ ಡ್ರಾಯರ್ ಎಳೆದು, ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೌಂಟರಿನ ಮೇಲೆ ನನ್ನ ಕಡೆಗೆ ಸರಿಸಿದಳು. ಬಿಡಿಸಿ ನೋಡಬೇಕಾಗಿರಲಿಲ್ಲ.

“ಹರೀರಿ” ಎಂದಳು.

ಹರಿದೆ. ಸಣ್ಣ ಸಣ್ಣದಾಗಿ ಹರಿದೆ. ಅವಳು ಕಸದ ಬುಟ್ಟಿಯನ್ನು ಕಾಲಿನಿಂದ ನನ್ನತ್ತ ತಳ್ಳಿ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಸಾಲನ್ನು ಮುಗಿಸಿದಳು.

“ಆ ಒಂಬತ್ತನೇ ನಂಬರಿಗೆ ಟವೆಲ್ ಹಾಕಿಲ್ಲ. ಎರಡು ತಗೊಂಡ್ ಹೋಗಿ. ಆಳು ಎತ್ತರ ಇದಾನೆ, ದೊಡ್ಡದೇ ಕೊಡಿ.”

ದೊಡ್ಡದನ್ನೇ ಆರಿಸಿ ತೆಗೆದುಕೊಂಡು ಹೋದೆ.